ಕಳೆ ಕಿತ್ತವರ ಸೊಪ್ಪು

"ಮಡ್ಲು ಬಿಚ್ಚಮ್ಮಿ, ಬಿಚ್ಚು. ಒಳಗಿರೋದು ಕೂಸೋ ಸೊಪ್ಪೋ ನೋಡ್ಬೇಕು."

ಕೆಂಪನಂಜಪ್ಪ ಜಮೀನಿನ ಗೇಟಿಗೆ ಅಡ್ಡ ನಿಂತಿದ್ದ. ಅವನ ಕೋಲಿನ ತುದಿ ನನ್ನ ಮೊಮ್ಮಗಳು ದಿವ್ಯಳ ಹೊಟ್ಟೆಯಿಂದ ಗೇಣು ದೂರದಲ್ಲಿತ್ತು. ಅವಳಿಗೆ ಆಗ ಆರು ತಿಂಗಳು. ತಲೆ ತಗ್ಗಿಸಿ ಸೆರಗು ಸಡಿಲಿಸಿದಳು. ಒಂದು ಹಿಡಿ ಹೊನಗೊನ್ನೆ ಸೊಪ್ಪು ಕಾಲ ಬಳಿ ಉದುರಿತು.

"ನೋಡ್ಲಾ ಬಸ್ವ," ಎಂದು ಮಗನನ್ನು ಕರೆದ. "ಈ ಕಳ್ಳಮುಂಡೆ ಅವಳಿಜವಳಿ ಹೆರ್ತಾಳೆ. ಒಂದು ಕೂಸು, ಒಂದು ಸೊಪ್ಪಿನ ಕಂತೆ."

ಮಗ ಬಸವಕುಮಾರ್ ಮೊಬೈಲಿನಿಂದ ಕಣ್ಣೆತ್ತದೆ ನಕ್ಕ.

"ಕಂತೆ ಉಟ್ಟುದ್ರೆ ನಿಮ್ಗೇ ಬುಟ್ಬುಡ್ತೀವಿ ಬುದ್ಧಿ," ಅಂದಳು ಹಿಂದೆ ನಿಂತಿದ್ದ ರತ್ನ. "ಎಸ್ರೂ ನೀವೇ ಇಕ್ಕಿ."

ನಮ್ಮ ಕೇರಿ ಹೆಂಗಸರಿಗೆ ಒಂದು ರೋಗವಿದೆ. ಬೈಸಿಕೊಳ್ಳುವಾಗಲೇ ನಗು ಬರುತ್ತದೆ. ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡರು. ಪುಷ್ಪ ನಗು ತಡೆದು ತಡೆದು ಬಿಕ್ಕಳಿಕೆ ತರಿಸಿಕೊಂಡಳು. ಆ ಬಿಕ್ಕಳಿಕೆ ಕೇಳಿ ಉಳಿದವರ ಕಟ್ಟೆಯೂ ಒಡೆಯಿತು. ಕೆಂಪನಂಜಪ್ಪ ಉದುರಿದ ಸೊಪ್ಪನ್ನು ಎಕ್ಕಡದಲ್ಲಿ ತುಳಿದು, "ನಗೀರಿ ಬೇವರ್ಸಿ ಮುಂಡೇವಾ" ಎಂದು ಗೇಟು ಬಿಟ್ಟ.

ಸೊಪ್ಪು ಯಾವತ್ತೂ ಕಳೆ ಕಿತ್ತವರದು. ನಾನು ಲಂಗ ಎತ್ತಿ ಕಟ್ಟಿ ಕಳೆಗೆ ಬರುತ್ತಿದ್ದ ಕಾಲದಿಂದ ಕಂಡಿದ್ದೇನೆ. ನಮ್ಮೂರು ಧನಗೆರೆಯ ಅರಿಸಿನದ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೀಳುತ್ತಾ ಹೋದರೆ, ತಿನ್ನದ ಕಳೆ ಬದುವಿಗೆ, ತಿನ್ನುವ ಕಳೆ ಮಡಿಲಿಗೆ. ಹೊನಗೊನ್ನೆ, ಅಣ್ಣೆ, ಕೀರೆ, ಗಣಿಕೆ ಎಲ್ಲ ಕೂಡಿದರೆ ಬೆರಕೆ ಸೊಪ್ಪು. ಮನೆಗೆ ಹೋಗಿ ಬಸ್ಸಾರು ಮಾಡಿದರೆ ಮುದ್ದೆ ತಾನಾಗಿ ಇಳಿಯುತ್ತದೆ. ಕೂಲಿ ಬೇರೆ, ಸೊಪ್ಪು ಬೇರೆ. ಕೆಂಪನಂಜಪ್ಪನ ಅಪ್ಪ ಬೈಗುಳದಲ್ಲಿ ಮಗನಿಗಿಂತ ಒಂದು ಕೈ ಮೇಲೇ ಇದ್ದ. ಆದರೂ ಹೆಂಗಸರ ಮಡಿಲಿಗೆ ಕೋಲು ಚಾಚಿದವನಲ್ಲ. "ಬಳ್ಕಂಡೋಗಿ, ನನ್ ಅರಿಸ್ನ ಉಸಿರಾಡ್ಲಿ" ಅನ್ನುತ್ತಿದ್ದ.

ಹೋದ ವರ್ಷ ಬಸವಕುಮಾರ್ ಮೈಸೂರಿಗೆ ಹೋಗಿದ್ದಾಗ ಯಾವುದೋ ತಂಪು ಅಂಗಡಿಯಲ್ಲಿ ನಮ್ಮ ಹೊನಗೊನ್ನೆ ಪ್ಲಾಸ್ಟಿಕ್ ಕವರಿನಲ್ಲಿ ಮದುವಣಗಿತ್ತಿಯ ಹಾಗೆ ಕೂತಿರುವುದನ್ನು ಕಂಡು ಬಂದ. ಅಲ್ಲಿಂದ ಕಳೆಯೂ ಬೆಳೆಯಾಯಿತು. ನಾವೇ ಕೀಳಬೇಕು, ನಾವೇ ಕಂತೆ ಕಟ್ಟಬೇಕು, ಕವರಿಗೆ ತುಂಬಬೇಕು. ಕವರಿನ ಮೇಲೆ ಒಂದು ದೊಡ್ಡ ಕಣ್ಣಿನ ಚಿತ್ರ. 'ವಿಟಮಿನ್ ಎ ತುಂಬಿದ ನಾಟಿ ಸೊಪ್ಪು' ಎಂದು ಬರೆದಿದೆಯಂತೆ, ದಿವ್ಯ ಓದಿ ಹೇಳಿದಳು. ಬೇರೆಯವರ ಹೊಲಗಳಲ್ಲೂ ನಾಲೆ ಏರಿಯ ಮೇಲೂ ಕಳೆ ಔಷಧಿ ಹೊಡೆದು ಹೊಡೆದು ಹಸಿರೆಲ್ಲ ಕರಕಲಾಗಿತ್ತು. ನಮ್ಮ ಒಲೆಯ ಮೇಲೆ ಸೊಸೈಟಿ ಅಕ್ಕಿ, ಹುಣಸೆ ನೀರು.

ಸೊಪ್ಪಿನ ವ್ಯಾನು ತುಂಬಿಸಿ ಹೊರಡುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಆಗಲೇ ಗೊತ್ತಾಗಿದ್ದು ದಿವ್ಯಳ ಕಣ್ಣಿನ ವಿಚಾರ. ಒಂದು ಮುಸ್ಸಂಜೆ ಅವಳು ಬದುವಿನ ಮೇಲೆ ನಿಂತು, ತಲೆಗೆ ಸೆರಗು ಹೊದ್ದು, ತಗ್ಗಿದ ದನಿಯಲ್ಲಿ "ಬತ್ತೀವಿ ಬುದ್ಧಿ" ಅಂದಳು. ಎದುರಿಗಿದ್ದದ್ದು ಬೆದರುಬೊಂಬೆ.

ರತ್ನ ಬೊಂಬೆಯ ಗಡಿಗೆ ತಲೆಯನ್ನು ಸವರಿದಳು. "ಬುದ್ಧಿಯೋರ್ಗಿಂತ ಇವ್ನೇ ವಾಸಿ ಕಣಮ್ಮಿ. ಮಡ್ಲು ಬಿಚ್ಚು ಅನ್ನಕಿಲ್ಲ."

ನಾವು ನಕ್ಕು ನಕ್ಕು ಬದುವಿನ ಮೇಲೆ ಕೂತುಬಿಟ್ಟೆವು. ದಿವ್ಯಳೂ ನಕ್ಕಳು. ಆಮೇಲೆ ಮೆಲ್ಲಗೆ, "ಯಾರೋ ಕಣ್ಗೆ ಮುಸುರೆ ನೀರು ಎರಚ್ದಂಗೆ ಆಯ್ತದೆ ಅಜ್ಜಿ. ದೀಪ ಅತ್ತೋ ಒತ್ಗೆ ಎಲ್ಲಾ ಮಬ್ಬು" ಅಂದಳು.

ಅಂದಿನಿಂದ ನಮ್ಮದು ರೈಲು. ಮುಂದೆ ರತ್ನ ಎಂಜಿನ್ನು, ಅವಳ ಸೆರಗು ಹಿಡಿದು ಪುಷ್ಪ, ಪುಷ್ಪಳ ಸೆರಗು ಹಿಡಿದು ದಿವ್ಯ, ಕೊನೆಗೆ ನಾನು. ನಾಲೆ ಏರಿಯ ಮೇಲೆ ರತ್ನ ಕೂ ಎಂದು ಸೀಟಿ ಹಾಕಿಕೊಂಡು ಹೋಗುತ್ತಿದ್ದಳು. ಎದುರಿಗೆ ಬಂದ ಗಂಡಸರು ಸೈಕಲ್ ಇಳಿದು ದಾರಿ ಬಿಡುತ್ತಿದ್ದರು. ಒಂದು ದಿನ ರತ್ನ ಟಿಕೆಟ್ ಕೇಳುವವರಂತೆ ಹಿಂದಕ್ಕೆ ತಿರುಗಿದಳು, ದಿವ್ಯಳ ಕೈಯಿಂದ ಪುಷ್ಪಳ ಸೆರಗು ತಪ್ಪಿತು, ಕಾಲು ಏರಿಯಿಂದ ಜಾರಿತು. ಸೊಂಟದ ತನಕ ನಾಲೆಯಲ್ಲಿ ಮುಳುಗಿದವಳನ್ನು ಜಡೆ ಹಿಡಿದು ಎಳೆದೆವು. ದಡದ ಮೇಲೆ ಒದ್ದೆ ಸೀರೆಯಲ್ಲಿ ಕೂತು ನಗುತ್ತಲೇ ಇದ್ದಳು. ಅದು ನಗುವಲ್ಲ ಎಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.

"ನನ್ ಕೂಸಿನ ಮಕಾನೂ ಇಂಗೇ ಮಬ್ಬಾಗಿ ಕಾಣ್ತದಾ ಅಜ್ಜಿ?"

ನಾನು ಅವಳ ಸೀರೆ ಹಿಂಡುತ್ತಾ ಕೂತೆ.

ಮುಂದಿನ ವಾರ ಸ್ಕೂಲಿನಲ್ಲಿ ರಕ್ತ ತಪಾಸಣೆ ಎಂದು ಡಂಗುರ ಹೊಡೆಸಿದರು. ಮೈಸೂರು ಕಡೆಯ ಒಂದು ಕಾಲೇಜಿನ ಡಾಕ್ಟರುಗಳು. ಪಂಚಾಯ್ತಿ ಎಲೆಕ್ಷನ್ ಹತ್ತಿರ ಇತ್ತಾದ್ದರಿಂದ ಬಾಗಿಲಲ್ಲಿ ಕೆಂಪನಂಜಪ್ಪನ ಫ್ಲೆಕ್ಸು. ಅದರ ಕೆಳಗೆ ಅವನೇ ಕ್ಯಾರೆಟ್ ಬುಟ್ಟಿ ಇಟ್ಟುಕೊಂಡು ನಿಂತಿದ್ದ. ನಾವು ಸೆರಗು ಒಡ್ಡಬೇಕು, ಅವನು ಕೈ ತಾಗದ ಹಾಗೆ ಮೇಲಿನಿಂದ ಒಂದು ಕ್ಯಾರೆಟ್ ಬಿಡುತ್ತಾನೆ, ಮಗ ಫೋಟೊ ಹಿಡಿಯುತ್ತಾನೆ. ಫೋಟೊ ಆದ ಕೂಡಲೇ ಬಸವಕುಮಾರ್, "ಬುಟ್ಟಿಗೆ ಹಾಕ್ಬುಡಿ, ಹಾಕ್ಬುಡಿ, ಹಿಂದಿನೋರ್ಗೆ ಬೇಕು" ಅಂದ.

ರತ್ನ ತನ್ನ ಕ್ಯಾರೆಟ್ಟಿನ ತುದಿಯನ್ನು ಕಟಕ್ಕನೆ ಕಚ್ಚಿದಳು. "ಕಚ್ಬುಟ್ಟೆ ಬುದ್ಧಿ. ಒಲಗೇರಿ ಎಂಜ್ಲು ಆಗೋಯ್ತು. ಬುಟ್ಟೀಗಾಕ್ಲಾ?"

ಬಸವಕುಮಾರ್ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡ. ಅಷ್ಟು ಸಾಕಾಯಿತು. ಸಾಲಿಗೆ ಸಾಲೇ ಕಟಕಟನೆ ಕಚ್ಚಿತು. ಹಲ್ಲಿಲ್ಲದ ನಾನು ನಾಲಿಗೆಯಲ್ಲಿ ನೆಕ್ಕಿದೆ. ಆ ದಿನದ ಫೋಟೊಗಳಲ್ಲಿ ಉಳಿದವರೆಲ್ಲರ ಕೆನ್ನೆಯೂ ಉಬ್ಬಿಕೊಂಡಿದೆಯಂತೆ.

ಒಳಗೆ ಸೌಮ್ಯ ಎಂಬ ಡಾಕ್ಟರಮ್ಮ ರಕ್ತ ತೆಗೆಸುತ್ತಿದ್ದರು. ಮೊದಲು ಕೆಂಪನಂಜಪ್ಪನೇ ತೋಳು ಕೊಟ್ಟು ಫೋಟೊ ತೆಗೆಸಿಕೊಂಡ. ಆಮೇಲೆ ನಾವು. ತೆಗೆದ ರಕ್ತದ ಸಣ್ಣ ಕೊಳವೆಗಳಿಗೆ ಬೆಳ್ಳಿ ಕಾಗದ ಸುತ್ತಿ ಡಬ್ಬಿಗೆ ಇಡುತ್ತಿದ್ದರು.

"ಯಾಕವ್ವ ಅದ್ಕೆ ಬಟ್ಟೆ ಉಡುಸ್ತೀರಿ?" ರತ್ನ ಕೇಳಿದಳು.

"ನಾವು ಅಳೆಯೋದು ವಿಟಮಿನ್ ಎ ಅಂತ. ಅದಕ್ಕೆ ಬೆಳಕು ಬಿದ್ರೆ ಕೆಟ್ಟುಹೋಗುತ್ತಮ್ಮ."

"ಬುದ್ಧಿಯೋರ ಮನೆ ಸೊಸೆ ಇದ್ದಂಗೆ ಅನ್ನಿ. ನಮ್ ಮೈಯೊಳ್ಗಿರೋದ್ಕೆ ನೆಳ್ಳು, ನಮ್ಗೆ ಮಾತ್ರ ಉರಿಬಿಸ್ಲು."

ಡಾಕ್ಟರಮ್ಮ ಸೂಜಿ ಹಿಡಿದುಕೊಂಡೇ ನಕ್ಕುಬಿಟ್ಟರು. ಆಗ ದಿವ್ಯ ತಾನಾಗಿ ಬಾಯಿಬಿಟ್ಟು ಬೆದರುಬೊಂಬೆಯ ಕತೆ ಹೇಳಿದಳು. ಅವರು ನಗು ನಿಲ್ಲಿಸಿ ಟಾರ್ಚು ಬಿಟ್ಟು ಅವಳ ಕಣ್ಣು ನೋಡಿದರು.

ಕೆಲವು ದಿನ ಬಿಟ್ಟು ರಿಪೋರ್ಟು ತಂದರು. ಮತ್ತೆ ಅದೇ ಸ್ಕೂಲು. ಕೆಂಪನಂಜಪ್ಪನಿಗೆ ಕುರ್ಚಿ, ನಮಗೆ ನೆಲ. ಡಾಕ್ಟರಮ್ಮ ದಿವ್ಯಳನ್ನು ಹತ್ತಿರ ಕೂರಿಸಿಕೊಂಡರು.

"ರಕ್ತದಲ್ಲಿ ವಿಟಮಿನ್ ಎ ತುಂಬಾ ಕಡಿಮೆ ಇದೆ ಕಣಮ್ಮ. ಅದಕ್ಕೇ ಇರುಳುಗಣ್ಣು. ಹೀಗೇ ಬಿಟ್ರೆ ಕಣ್ಣು ಒಣಗಿ ಹುಣ್ಣಾಗುತ್ತೆ. ನಿನ್ನ ಎದೆಹಾಲಲ್ಲೂ ಮಗುಗೆ ಸಾಕಾಗಲ್ಲ. ಬಸುರಿಗೆ ದೊಡ್ಡ ಡೋಸ್ ಕೊಡೋ ಹಾಗಿಲ್ಲ, ಸಣ್ಣ ಮಾತ್ರೆ ಕೊಡ್ತೀನಿ. ಮಾತ್ರೆ ಮುಗಿದ ಮೇಲೂ ಊಟದಲ್ಲಿ ಇರಬೇಕು. ದಿನಾ ಸೊಪ್ಪು ತಿನ್ನು, ಒಂದು ಚಮಚ ಎಣ್ಣೆ ಹಾಕಿ. ಆದಾಗ ಮೊಟ್ಟೆ. ಎಲ್ಲಿ ಕೆಲಸ ನಿಂದು?"

"ಸೊಪ್ಪಿನ ಒಲ್ದಲ್ಲಿ."

"ಮತ್ತೆ ಸೊಪ್ಪು ತಿನ್ನಲ್ವಾ?"

ಎಲ್ಲರ ಕಣ್ಣೂ ಕುರ್ಚಿಯ ಕಡೆಗೆ ಹೊರಳಿದವು.

"ಈ ಜನಕ್ಕೆ ಸೊಪ್ಪು ಸೇರಲ್ಲ ಡಾಕ್ಟ್ರೇ," ಅಂದ ಕೆಂಪನಂಜಪ್ಪ. "ಮೂಳೆ ಕಡಿಯೋ ಬಾಯಿ. ನಂದು ಓದಿ, ಇವ್ರ ಮುಂದೇನೇ ಓದಿ. ಶುದ್ಧವಾಗಿ ತಿಂದೋರ ರಕ್ತ ಹೆಂಗಿರ್ತದೆ ಅಂತ ಗೊತ್ತಾಗ್ಲಿ."

"ನಿಮ್ಮದು ಆಮೇಲೆ ಒಳಗೆ ಹೇಳ್ತೀನಿ ಯಜಮಾನರೇ."

"ಇಲ್ಲೇ ಹೇಳಿ. ನಂದೇನು ಕದ್ದುಮುಚ್ಚೋದು?"

ಡಾಕ್ಟರಮ್ಮ ಕಾಗದ ನೋಡಿದರು, ಅವನ ಮುಖ ನೋಡಿದರು. "ನಿಮಗೆ ಮಿತಿಮೀರಿ ಇದೆ. ತಲೆನೋವು ಬರುತ್ತಾ? ಕೂದಲು ಉದುರ್ತಾ ಇದೆಯಾ? ತುಟಿ, ಚರ್ಮ ಸುಲಿಯುತ್ತಾ?"

ನಾವೆಲ್ಲ ಕತ್ತು ಚಾಚಿ ನೋಡಿದೆವು. ಅವನ ತಲೆ ಒಂದು ವರ್ಷದಲ್ಲಿ ಕುಯ್ಲಾದ ಗದ್ದೆಯಂತಾಗಿತ್ತು. ತುಟಿ ಈರುಳ್ಳಿ ಸಿಪ್ಪೆ. ಅವನಿಗೆ ಗೊತ್ತಿಲ್ಲದೆಯೇ ಕೈ ತಲೆಗೆ ಹೋಯಿತು.

"ಏನಾದ್ರೂ ಮಾತ್ರೆ ತಗೋತಿದ್ದೀರಾ?"

"ಮಗ ಮೊಬೈಲಲ್ಲಿ ತರಿಸಿಕೊಡ್ತಾನೆ. ಶಕ್ತಿಗೆ." ಜುಬ್ಬದ ಜೇಬಿನಿಂದ ಒಂದು ಸೀಸೆ ತೆಗೆದ. ಒಳಗೆ ಜೇನಿನ ಬಣ್ಣದ ಗುಳಿಗೆ ಹೊಳೆಯುತ್ತಿದ್ದವು. "ಬೆಳಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ."

"ಹಿಡಿ ಲೆಕ್ಕದಲ್ಲಾ?" ಅವರು ಸೀಸೆಯನ್ನು ತಿರುಗಿಸಿ ಓದಿದರು. "ಇವತ್ತೇ ನಿಲ್ಲಿಸಿ. ಹೀಗೇ ನುಂಗಿದ್ರೆ ನಿಮ್ಮ ಲಿವರ್ ಕೆಡುತ್ತೆ. ಇದು ಮೀನಿನ ಲಿವರ್ ಎಣ್ಣೆ."

ನಾವೆಲ್ಲ ಮತ್ತೆ ಕೆಂಪನಂಜಪ್ಪನ ಕಡೆಗೆ ತಿರುಗಿದೆವು. ಲಿಂಗ ಕಟ್ಟಿದ ಎದೆ, ಮೂರು ಬೆರಳಿನ ವಿಭೂತಿ. ನಮ್ಮ ಮೈಯೆಲ್ಲ ಮೀನಿನ ನಾತ ಎಂದು ಇವತ್ತಿಗೂ ನೀರಿನ ತೊಟ್ಟಿಗೆ ಕೈ ಅದ್ದಲು ಬಿಡದವನು.

"ಯಾವ್ ಮೀನು ಡಾಕ್ಟ್ರವ್ವ?" ರತ್ನ ಬಲು ವಿನಯದಿಂದ ಕೇಳಿದಳು. "ನಮ್ ಒಳೆದಾ, ಸಮುದ್ರದ್ದಾ?"

ಪುಷ್ಪಳಿಗೆ ಬಿಕ್ಕಳಿಕೆ ಹತ್ತಿತು. ಅಷ್ಟೇ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡರೂ ಕಣ್ಣಲ್ಲಿ ನೀರು ಸುರಿಯಿತು. ದಿವ್ಯ ಹೊಟ್ಟೆ ಹಿಡಿದುಕೊಂಡು, "ಸಾಕು ಕಣ್ರಕ್ಕ, ಕೂಸು ಒದೀತದೆ" ಎಂದು ಬೇಡಿಕೊಂಡಳು. ಕೆಂಪನಂಜಪ್ಪ ಮಗನ ಕಪಾಳಕ್ಕೆ ಒಂದು ಬಾರಿಸಿ ಹೊರಗೆ ನಡೆದ.

ಅದರ ಸೇಡು ಮಾರನೆಯ ಸಂಜೆಯೇ ಬಂತು. ಗೇಟಿನಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೂ ಸೆರಗು ಪೂರ್ತಿ ತೆಗೆದು ಕೊಡವಿ ಹೋಗಬೇಕು ಅಂದ. ವ್ಯಾನಿನ ಡ್ರೈವರು, ಪಂಪಿನ ಆಳು ನೋಡುತ್ತಿದ್ದಂತೆಯೇ ಕೊಡವಿದೆವು. ದಿವ್ಯಳನ್ನು ಎರಡು ಸಲ ಕೊಡವಿಸಿದ. ಏನೂ ಬೀಳಲಿಲ್ಲ. "ಒಂದು ಎಲೆ ಹೊರಗೆ ಹೋದ್ರೂ ಪೊಲೀಸಿಗೆ ಕೊಡ್ತೀನಿ ಲೌಡಿ" ಅಂದ.

ದಾರಿಯಲ್ಲಿ ಆ ಸಂಜೆ ರೈಲು ಸೀಟಿ ಹಾಕಲಿಲ್ಲ.

"ವರೀಕೆ ಒಂದ್ ಎಲೇನೂ ಓಗ್ಬಾರ್ದಂತೆ," ರತ್ನ ಹಲ್ಲು ಕಡಿಯುತ್ತಾ ಗೊಣಗಿದಳು. "ವರೀಕೆ."

"ಪಾತ್ರೆ ನಾನ್ ತತ್ತೀನಿ," ಅಂದೆ ನಾನು.

ರತ್ನ ನಿಂತುಬಿಟ್ಟಳು. ನನ್ನ ಬಾಯಿಂದ ಮಾತು ಬರುವುದೇ ಅಪರೂಪ, ಅದರಲ್ಲೂ ಇಂಥದ್ದು. ಅರ್ಥವಾದ ಮೇಲೆ ಕತ್ತಲಲ್ಲೇ ನನ್ನ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದಳು.

ಬೆಳಗ್ಗೆ ನಾನು ಹಬ್ಬದ ಅಲ್ಯೂಮಿನಿಯಂ ಪಾತ್ರೆ ತಲೆ ಮೇಲಿಟ್ಟುಕೊಂಡು ಹೋದೆ. ಪುಷ್ಪ ನೆನೆಸಿದ ಹುರುಳಿಕಾಳು, ರತ್ನ ಮೆಣಸಿನಕಾಯಿ, ಬೆಳ್ಳುಳ್ಳಿ, ಎಣ್ಣೆ. ಮುದ್ದೆ ಎಲ್ಲರ ಗಂಟಿನಲ್ಲೂ ಇತ್ತು. ಒಳಗೆ ಏನನ್ನೂ ತರಬಾರದು ಎಂದು ಕೆಂಪನಂಜಪ್ಪ ಹೇಳಿರಲಿಲ್ಲ. ಮಧ್ಯಾಹ್ನದ ತನಕ ತಲೆ ಬಗ್ಗಿಸಿ ಕಳೆ ಕಿತ್ತೆವು. ಊಟದ ಹೊತ್ತಿಗೆ ಪಂಪ್‌ಹೌಸಿನ ಮುಂದೆ ಮೂರು ಕಲ್ಲು ಹೂಡಿ ಒಲೆ ಹಚ್ಚಿದೆವು. ನೀರಿಗೆ ಆಳು ಪೈಪು ಬಿಡುವ ತನಕ ಕಾಯುವುದು ನಮ್ಮ ವಾಡಿಕೆ. ದಿವ್ಯ ಕಾಯಲಿಲ್ಲ. ಪಾತ್ರೆ ತೆಗೆದುಕೊಂಡು ಹೋಗಿ ತೊಟ್ಟಿಗೆ ಮೊಣಕೈ ತನಕ ಅದ್ದಿ ತುಂಬಿಕೊಂಡು ಬಂದಳು.

ಕವರಿಗೆ ಹಾಕಲು ಕಟ್ಟಿಟ್ಟಿದ್ದ ಕಂತೆಗಳನ್ನು ಬಿಚ್ಚಿ ಸೋಸಿದೆವು. ಕಾಳು ಬೆಂದಿತು, ಸೊಪ್ಪು ಬೆಂದಿತು. ಒಗ್ಗರಣೆಯ ಬೆಳ್ಳುಳ್ಳಿ ಚಟಪಟ ಅಂದಾಗ ವಾಸನೆ ಗಾಳಿಯಲ್ಲಿ ಎರಡು ಹೊಲ ದಾಟಿತು. ಅದರ ಹಿಂದೆಯೇ ಕೆಂಪನಂಜಪ್ಪ ಓಡಿ ಬಂದ.

"ಏನ್ರೇ ಇದು, ಹಾದರಗಿತ್ತಿಯರಾ? ಯಾರನ್ನ ಕೇಳಿ ಒಲೆ ಹೂಡಿದ್ರಿ?"

"ವರೀಕೆ ಓಗ್ಬಾರ್ದು ಅಂದ್ರಲ್ಲ ಬುದ್ಧಿ," ಅಂದಳು ರತ್ನ, ಸೌಟು ತಿರುಗಿಸುತ್ತಾ. "ಎಲ್ಲಾ ಒಳೀಕೆ ಓಯ್ತಾ ಅದೆ."

ನಾನು ದಿವ್ಯಳ ತಟ್ಟೆಗೆ ಮುದ್ದೆ ಇಟ್ಟು, ಮೇಲೆ ಸೊಪ್ಪಿನ ಪಲ್ಯ, ಸುತ್ತ ಸಾರು ಬಿಟ್ಟೆ. ಅವಳು ಅವನ ಮುಖ ನೋಡುತ್ತಲೇ ಮೊದಲ ತುತ್ತು ನುಂಗಿದಳು.

"ಏಳ್ರೀ ಮೇಲಕ್ಕೆ. ನಾಳೆಯಿಂದ ಒಬ್ಬಳೂ ಈ ಕಡೆ ತಲೆ ಹಾಕ್ಬೇಡಿ."

"ನಾಳೆ ಮಾತು ನಾಳೆ ಬುದ್ಧಿ. ಉಣ್ಣೋರ್ನ ಎಬ್ಬುಸ್ಬಾರ್ದು."

ಯಾರೂ ಏಳಲಿಲ್ಲ. ಪಾತ್ರೆ ಒದೆಯಲು ಕಾಲೆತ್ತಿದ. ಸಾರು ಕುದಿಯುತ್ತಿತ್ತು, ಅವನ ಎಕ್ಕಡ ತೆಳ್ಳಗಿತ್ತು. ಕಾಲು ಕೆಳಗಿಟ್ಟು ಮಗನಿಗೆ ಫೋನು ಮಾಡಿದ. ಪಕ್ಕದೂರಿಂದ ಬೇರೆ ಆಳು ತಗೊಂಡು ಈಗಲೇ ಬಾ ಎಂದು ಎಲ್ಲರಿಗೂ ಕೇಳುವ ಹಾಗೆ ಕಿರುಚಿದ. ನಾವು ಉಣ್ಣುತ್ತಲೇ ಇದ್ದೆವು, ಬಾಯಿ ತುಂಬ, ಚಪ್ಪರಿಸಿ. ಪುಷ್ಪ ತೇಗಿದಳು. ಅದಕ್ಕೂ ನಕ್ಕೆವು.

ಎರಡನೆಯ ಮುದ್ದೆ ಮುರಿಯುವ ಹೊತ್ತಿಗೆ ಬಸವಕುಮಾರನ ಗೂಡ್ಸ್ ಆಟೋ ಬಂತು. ಹಿಂದೆ ಹೆಂಗಸರು ಕಿಕ್ಕಿರಿದು ನಿಂತಿದ್ದರು, ಸೊಂಟದಲ್ಲಿ ಕುಡುಗೋಲು. ಒಬ್ಬೊಬ್ಬರಾಗಿ ಧುಮುಕಿದರು. ನಗು ನಮ್ಮ ಬಾಯಲ್ಲೇ ನಿಂತಿತು. ಅವರಲ್ಲಿ ನನ್ನ ವಯಸ್ಸಿನ ಒಬ್ಬಳು ನೇರವಾಗಿ ನಮ್ಮ ಒಲೆಯ ಹತ್ತಿರ ಬಂದು, ಪಾತ್ರೆಯೊಳಗೆ ಬಗ್ಗಿ ನೋಡಿದಳು.

"ಒನಗೊನ್ನೆಯಾ?"

"ಊಂ ಕಣಜ್ಜಿ," ಅಂದಳು ದಿವ್ಯ.

"ಕಣ್ಣಲ್ಲಿ ಕಂಡು ಒಂದ್ ವರ್ಸ ಆಯ್ತು ಕಣವ್ವ. ನಮ್ಮೂರಲ್ಲೂ ಎಲ್ಲಾ ಔಸ್ದಿ ಒಡುದ್ಬುಟ್ರು." ಅವಳು ಆಟೋ ಕಡೆ ತಿರುಗಿ ಕೈ ಬೀಸಿದಳು. "ಬನ್ರಮ್ಮಿ, ಮೊದ್ಲು ಉಣ್ಮ."

"ಲೇ, ಕೆಲಸಕ್ಕೆ ಕರ್ಕೊಂಡು ಬಂದಿರೋದು," ಎಂದು ಬಸವಕುಮಾರ್ ಕೂಗಿದ. ಅವರಲ್ಲಿ ಅರ್ಧ ಮಂದಿ ಆಗಲೇ ಕೂತಿದ್ದರು. ಇನ್ನರ್ಧ ಅರಿಸಿನದ ಸಾಲಿಗೆ ಇಳಿದು ಮಡಿಲು ತುಂಬ ಸೊಪ್ಪು ಕಿತ್ತು ತಂದು ನಮ್ಮ ಮುಂದೆ ಗುಡ್ಡೆ ಹಾಕಿದರು. ದಿವ್ಯ ತಟ್ಟೆ ಪಕ್ಕಕ್ಕಿಟ್ಟು ಸೋಸಲು ಕೂತಳು. ಗುಡ್ಡೆ ಬೆಳೆಯುತ್ತಲೇ ಹೋಯಿತು.

ರತ್ನ ಪಾತ್ರೆ ನೋಡಿದಳು, ಗುಡ್ಡೆ ನೋಡಿದಳು, ಕೂತವರನ್ನೆಲ್ಲ ಒಂದು ಸುತ್ತು ನೋಡಿದಳು. ಆಮೇಲೆ ಸೌಟು ಕೈಲಿ ಹಿಡಿದೇ ಕೆಂಪನಂಜಪ್ಪನ ಕಡೆಗೆ ತಿರುಗಿದಳು.

"ಬುದ್ಧಿ, ನಿಮ್ಮನೇಲಿ ಇದ್ಕಿಂತ ದೊಡ್ ಪಾತ್ರೆ ಅದಾ?"