ಮುಂಗಡ ನಡೆ

"ಇವನು ಮನುಷ್ಯನೇ ಅಲ್ಲ," ಎನ್ನುತ್ತ ಬಾಣ ಫೋನನ್ನು ಕೌಂಟರಿನ ಮೇಲೆ ಬೋರಲು ಹಾಕಿದ. "ಯಂತ್ರ. ಸ್ಕ್ರೂ ಸಮೇತ ಯಂತ್ರ."

"ಸೋತ್ಯಾ?" ಎಂದಳು ಅಕ್ಕ, ಕನ್ನಡಕದ ಗಾಜು ಒರೆಸುತ್ತ.

"ಸೋಲಲಿಲ್ಲ. ಬಿಟ್ಟುಕೊಟ್ಟೆ."

"ಎಷ್ಟು ಹೊತ್ತಿಗೆ?"

ಬಾಣ ಒಂದು ಫ್ರೇಮು ಎತ್ತಿಕೊಂಡು ಅದರ ಕಾಲು ಬಗ್ಗಿಸತೊಡಗಿದ. ಚದುರಂಗದ ಆ ಆಟ ಮೂರು ನಿಮಿಷದ್ದು. ಅವನು ಕೈಚೆಲ್ಲಿದಾಗ ಗಡಿಯಾರದಲ್ಲಿ ಆ ಮೂರು ನಿಮಿಷವೂ ಹೆಚ್ಚೂಕಡಿಮೆ ಹಾಗೇ ಉಳಿದಿತ್ತು.

ಇದು ನಿಜವಾಗಿ ನಡೆದದ್ದು. ಬಾಣನ ವಿಷಯದಲ್ಲಿ ಓಡಿದ್ದು ಎಂದರೇ ಸರಿ, ಅವನ ಬಾಳಿನಲ್ಲಿ ಯಾವುದೂ ನಡೆದುಕೊಂಡು ಬಂದದ್ದಿಲ್ಲ. ವೈದ್ಯರು ಕೊಟ್ಟ ತಾರೀಖಿಗೆ ಮುಂಚೆಯೇ ಹುಟ್ಟಿದವನು. ಎದುರಿಗಿದ್ದವರು ಅರ್ಧ ವಾಕ್ಯ ಆಡಿದರೆ ಉಳಿದರ್ಧ ಇವನದು. ಕೆಮ್ಮಲು ಬಾಯಿ ತೆರೆದವರಿಗೂ "ಹೌದು ಹೌದು, ಗೊತ್ತಾಯ್ತು" ಎಂದು ಸಮಾಧಾನ ಹೇಳಿದ್ದುಂಟು. ಮನೆಯವರು ಅವನನ್ನು ಹೆಸರು ಹಿಡಿದು ಕರೆಯುವುದು ಬಿಟ್ಟು ಬಾಣ ಎನ್ನತೊಡಗಿ ಎಷ್ಟೋ ಕಾಲವಾಗಿತ್ತು.

ಆನ್‌ಲೈನ್ ಚದುರಂಗ ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಇಬ್ಬರಿಗೂ ತಲಾ ಮೂರು ನಿಮಿಷ. ಮಣೆಯ ಮೇಲೆ ಕಾಯಿ ಎಷ್ಟೇ ಉಳಿದಿರಲಿ, ಸಮಯ ಮುಗಿದವನು ಮುಗಿದ. ಕೊನೆಯ ಕೆಲವು ಸೆಕೆಂಡುಗಳಲ್ಲಿ, ಎದುರಾಳಿಯ ಬೆರಳು ಬೆವರುವ ಹೊತ್ತಿಗೆ, ಬಾಣನ ಬೆರಳಿಗೆ ಜೀವ ಬರುತ್ತಿತ್ತು. ಸೋಲುವ ಆಟವನ್ನೂ ಗಡಿಯಾರದ ಜುಟ್ಟು ಹಿಡಿದು ಗೆದ್ದುಬಿಡುತ್ತಿದ್ದ. ಆದರೆ ಶುರುವಿನಲ್ಲೇ ಒಂದು ಕಾಯಿ ಹೋಯಿತೋ, ಆಟವೇ ಬೇಡ ಎಂದು ಎದ್ದುಬಿಡುವನು. ಆಡಿದ ಆಟವನ್ನು ತಿರುಗಿ ನೋಡಿದವನೂ ಅಲ್ಲ. ಅವನ ರೇಟಿಂಗು ಬಹಳ ಕಾಲದಿಂದ ಕೆಟ್ಟುಹೋದ ಲಿಫ್ಟಿನ ಹಾಗೆ ಒಂದೇ ಮಹಡಿಯಲ್ಲಿ ನಿಂತಿತ್ತು. ಅದಕ್ಕೂ ಅವನ ಹತ್ತಿರ ಉತ್ತರ ಸಿದ್ಧವಿತ್ತು: ನೆಟ್‌ವರ್ಕ್ ಸರಿ ಇಲ್ಲ.

ಅವನ ದೊಡ್ಡ ಅಸ್ತ್ರವನ್ನು ಅವನೇ ಒಮ್ಮೆ ಊಟಕ್ಕೆ ಕೂತಾಗ ಭಾವನಿಗೆ ವಿವರಿಸಿದ್ದ.

"ಎದುರಿನವನು ಇನ್ನೂ ಯೋಚನೆ ಮಾಡ್ತಿರ್ತಾನೆ ಭಾವ. ಅಷ್ಟರಲ್ಲಿ ನನ್ನ ಮುಂದಿನ ನಡೆ ಒತ್ತಿ ಇಟ್ಟುಬಿಡೋದು. ಅವನು ಕಾಯಿ ಸರಿಸಿದ ತಕ್ಷಣ ನಂದು ತಾನಾಗೇ ಹೋಗತ್ತೆ. ಮುಂಗಡ ನಡೆ. ಮೊದಲ ನಾಲ್ಕೈದು ನಡೆಗೆ ನನಗೆ ಸಮಯವೇ ಖರ್ಚಾಗಲ್ಲ."

"ಅವನು ಏನು ಮಾಡಿದ ಅಂತ ನೋಡಲ್ವಾ?"

"ನೋಡೋದೇನಿದೆ? ಕಾಲಾಳು ಒಂದು ಹೆಜ್ಜೆ ಮುಂದೆ, ಅದರ ಹಿಂದಿನ ಸಂದಿಗೆ ಒಂಟೆ. ಅವನು ಏನು ಮಾಡಿದರೂ ನಂದು ಅದೇ."

"ಏನು ಮಾಡಿದರೂ?"

"ತಲೆಕೆಳಗಾಗಿ ನಿಂತರೂ."

"ಓಹೋ," ಎಂದು ಭಾವ ತಟ್ಟೆಯ ಕಡೆ ನೋಡುತ್ತ ನಿಧಾನವಾಗಿ ಅಗಿದರು.

ಭಾವ ಡ್ರೈವಿಂಗ್ ಶಾಲೆಯ ಮೇಷ್ಟರು. ಪಕ್ಕದ ಸೀಟಿನಲ್ಲಿ ಕೂತು, ಇನ್ನೊಬ್ಬರ ತಪ್ಪಿಗೆ ತಮ್ಮ ಕಾಲಿನ ಬ್ರೇಕು ಒತ್ತುತ್ತ ತಲೆ ಅರ್ಧ ನರೆತಿತ್ತು. ಚದುರಂಗದಲ್ಲಿ ಅವರದು ಅ ಆ ಇ ಈ ಮಟ್ಟ, ಬಾಣನೇ ಕಲಿಸಿದ್ದು. ಆದರೆ ಅನುಕರಣೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಗೇರು ಬದಲಿಸುವಾಗ ಕಣ್ಣು ಮುಚ್ಚುವ ಬ್ಯಾಂಕ್ ಮ್ಯಾನೇಜರನ್ನು, ತಿರುವು ಬಂದಾಗ ಸ್ಟೇರಿಂಗ್ ಬಿಟ್ಟು ತಾನೇ ವಾಲುವ ಕಾಲೇಜು ಹುಡುಗಿಯನ್ನು ಮಾಡಿ ತೋರಿಸಿದರೆ ಅಕ್ಕ ನಕ್ಕು ನಕ್ಕು ಗೋಡೆ ಹಿಡಿಯುತ್ತಿದ್ದಳು.

ಆದರೆ ಅಂಗಡಿಯ ವಿಷಯಕ್ಕೆ ಬಂದರೆ ಅಕ್ಕ ನಗುವವಳಲ್ಲ. ಕನ್ನಡಕದ ಅಂಗಡಿ ಅವಳದು. ಕಣ್ಣು ಪರೀಕ್ಷಿಸಲು ಓದಿ ಬಂದವನು ಬಾಣ. ಒಳಗಿನ ಕತ್ತಲೆ ಕೋಣೆ, ಅಲ್ಲಿನ ಎತ್ತರದ ಕುರ್ಚಿ, ಗೋಡೆಯ ಮೇಲೆ ಬೆಳಕಿನಲ್ಲಿ ಹೊಳೆಯುವ ಅಕ್ಷರಗಳ ಫಲಕ, ಒಂದಾದ ಮೇಲೊಂದು ಗಾಜು ಬದಲಿಸುವ ಚೌಕಟ್ಟು, ಇದೆಲ್ಲ ಅವನ ರಾಜ್ಯ. ಅಲ್ಲಿಂದ ಅವನನ್ನು ಇಳಿಸಿ, ಮುಂದಿನ ಕೌಂಟರಿನಲ್ಲಿ ಫ್ರೇಮಿನ ಕಾಲು ಬಗ್ಗಿಸುವ ಕೆಲಸಕ್ಕೆ ಹಾಕಿದ್ದಳು.

ಕಾರಣ, ಎದುರು ಬೀದಿಯ ಟೈಲರಮ್ಮ. ಅವರು ಕುರ್ಚಿಯಲ್ಲಿ ಕೂತು "ಹತ್ತಿರದ್ದು..." ಎಂದು ಶುರುಮಾಡಿದ್ದರು. "ಮಸುಕು. ಗೊತ್ತಾಯ್ತು, ಈ ವಯಸ್ಸಿಗೆ ಸಹಜ," ಎಂದು ಬಾಣ ಮುಗಿಸಿದ್ದ. ಗಾಜು ಹಾಕಿ "ಇದು ಚೆನ್ನಾಗಿದೆಯಾ, ಅದಾ?" ಎಂದು ಕೇಳಿ, ಅವರು "ಇದು..." ಎನ್ನುವಷ್ಟರಲ್ಲಿ ನಂಬರು ಬರೆದಾಗಿತ್ತು. ಓದುವ ಕನ್ನಡಕ ತಯಾರಾಯಿತು, ಹಾಕಿಕೊಂಡು ಹೋದರು. ಆಮೇಲೊಂದು ದಿನ ತೋರುಬೆರಳಿಗೆ ದಪ್ಪ ಪಟ್ಟಿ ಸುತ್ತಿಕೊಂಡು ಬಂದು ಕನ್ನಡಕವನ್ನು ಕೌಂಟರಿನ ಮೇಲಿಟ್ಟರು. ಮಷಿನ್ನಿನ ಸೂಜಿ ಉಗುರಿನ ಒಳಗೇ ಇಳಿದಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಬಾಣ ಅರ್ಧದಲ್ಲೇ ಉತ್ತರ ಕೊಟ್ಟು ಹಗುರಾಗುತ್ತಿದ್ದ.

ಅಂದು ಸಂಜೆ ಅಕ್ಕ ಹೇಳಿದಳು: "ಮುಂದಿನ ವಾರದಿಂದ ಒಬ್ಬಳು ಹುಡುಗಿ ಬರ್ತಾಳೆ, ಕಣ್ಣು ನೋಡೋಕೆ."

"ಅಕ್ಕಾ, ನಾನು..."

"ನನ್ನ ಮಾತು ಮುಗಿದಿಲ್ಲ. ಅದಕ್ಕೆ ಮುಂಚೆ ಟೈಲರಮ್ಮ ಇನ್ನೊಂದು ಸಲ ಬರ್ತಾರೆ, ಬೆರಳಿನ ಗಾಯ ಮಾಗಿದ ಮೇಲೆ. ನೀನೇ ನೋಡು. ಸರಿಯಾಗಿ ನೋಡಿದರೆ ಕುರ್ಚಿ ನಿನ್ನದು. ಇಲ್ಲ ಅಂದರೆ ಅವಳದು. ಈಗ ಮುಗೀತು."

ಬಾಣನಿಗೆ ಊಟ ರುಚಿಸಲಿಲ್ಲ. ಆ ಕೋಣೆ ಇಲ್ಲದೆ ತಾನು ಏನು ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ. ಯೋಚಿಸಲು ಕೂತರೆ ಆಗುವ ಸಂಕಟಕ್ಕೆ ಅವನ ಹತ್ತಿರ ಇದ್ದ ಮದ್ದು ಒಂದೇ: ಮೂರು ನಿಮಿಷದ ಆಟ.

ಆ ಹೊತ್ತಿಗೇ ಆಮೆರಾಯ ವಕ್ಕರಿಸಿದ್ದು. ಅದು ಹೊಸ ಎದುರಾಳಿಯ ಆನ್‌ಲೈನ್ ಹೆಸರು. ರೇಟಿಂಗು ನೋಡಿದರೆ ಕರುಣೆ ಉಕ್ಕಬೇಕು. ಬಾಣ ಸಿಳ್ಳೆ ಹಾಕುತ್ತ ಕೂತ, ಸಿಳ್ಳೆ ಮುಗಿಯುವುದರೊಳಗೆ ಅವನ ಒಂಟೆ ಹೋಗಿತ್ತು, ಅದರ ಹಿಂದೆಯೇ ಮೂಲೆಯ ಆನೆ ಹೋಗುವುದರಲ್ಲಿತ್ತು. ಬೆರಳು ಜಾರಿರಬೇಕು ಎಂದುಕೊಂಡು ಬಿಟ್ಟುಕೊಟ್ಟ. ಮರುದಿನವೂ ಊಟದ ಹೊತ್ತಿಗೆ ಆಮೆರಾಯ ಕರೆದ. ಮರುದಿನವೂ ಬೆರಳು ಜಾರಿತು. ಬಾಣನಿಗೆ ಈಗ ಅನುಮಾನ ಉಳಿಯಲಿಲ್ಲ. ಯಾವನೋ ಕಳ್ಳ, ಕಂಪ್ಯೂಟರು ಇಟ್ಟುಕೊಂಡು ಆಡುತ್ತಿದ್ದಾನೆ.

"ಛೇ, ಎಂಥ ಕಾಲ ಬಂತು ನೋಡು," ಎಂದರು ಭಾವ. ಅಂದು ರಜೆ; ಅಕ್ಕ ಬಟ್ಟೆ ಮಡಿಸುತ್ತಿದ್ದಳು, ಭಾವ ಕಾಲು ಚಾಚಿ ಕೂತಿದ್ದರು. "ಆದರೂ ಕಳ್ಳ ಅಂತ ಹೇಗೆ ಹೇಳ್ತೀಯ? ಸಾಕ್ಷಿ ಬೇಡವಾ?"

"ಸಾಕ್ಷಿ ತಾನೆ? ಬನ್ನಿ ಇಲ್ಲಿ. ಒಂದೊಂದೇ ನಡೆ ತೋರಿಸ್ತೀನಿ."

ಹೀಗೆ ಬಾಣ ತಾನು ಆಡಿ ಮುಗಿಸಿದ ಆಟವೊಂದನ್ನು ಮೊಟ್ಟಮೊದಲ ಬಾರಿಗೆ ತೆರೆದು ನೋಡಿದ. ಆಮೆರಾಯನ ಕಾಲಾಳು ಮುಂದೆ ಬಂತು. ಬಾಣನ ಕಾಲಾಳು ಒಂದು ಹೆಜ್ಜೆ ಇಟ್ಟಿತು. ಆಮೇಲೆ ಆಮೆರಾಯನ ಒಂಟೆ ಇಡೀ ಮಣೆಯನ್ನು ಓರೆಯಾಗಿ ದಾಟಿ ಬಂದು ಬಾಣನ ಕುದುರೆಯ ಬಾಯಿಗೇ ನೇರವಾಗಿ ನಿಂತಿತು. ಬೆಂಗಾವಲಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಒಂಟೆ ಒಂಟಿ. ಕುದುರೆ ಬಾಯಿ ಮುಚ್ಚಿದರೆ ಸಾಕು, ಪುಕ್ಕಟೆ.

"ಇದನ್ನು ತಿನ್ನಬಹುದಿತ್ತಲ್ವಾ?" ಎಂದರು ಭಾವ, ಮೊನ್ನೆ ಕಲಿತವರ ವಿನಯದಿಂದ.

ಬಾಣ ಮುಂದಿನ ಗುಂಡಿ ಒತ್ತಿದ. ಕುದುರೆ ಅಲ್ಲಾಡಲಿಲ್ಲ. ಬಾಣನದೇ ಒಂಟೆ, ಏನೂ ಆಗಿಲ್ಲ ಎನ್ನುವಂತೆ, ಮುಂಚೆಯೇ ಹೇಳಿಟ್ಟ ಮನೆಗೆ ಹೋಗಿ ನಿಂತಿತು. ಆಮೆರಾಯ ಅದನ್ನು ಎತ್ತಿಕೊಂಡ. ಎರಡನೆಯ ದಿನದ ಆಟದಲ್ಲೂ ಅದೇ. ಇದು ಯಂತ್ರ ಆಡುವ ನಡೆಯಲ್ಲ. ಯಾವ ಯಂತ್ರವೂ ಇಷ್ಟು ದಡ್ಡತನಕ್ಕೆ ಕೈಹಾಕುವುದಿಲ್ಲ. ಎದುರಿನವನು ನೋಡುವುದೇ ಇಲ್ಲ ಎಂದು ಗೊತ್ತಿದ್ದವನು ಮಾತ್ರ ಆಡಬಹುದಾದ ನಡೆ.

ಅವನು ಇನ್ನಷ್ಟು ಹಳೆಯ ಆಟಗಳನ್ನು ತೆರೆದ. ಎದುರಿಗಿದ್ದವರು ಆಮೆರಾಯನಿಗೆ ಸಂಬಂಧವೇ ಇಲ್ಲದವರು. ಒಂದರಲ್ಲಿ ಆನೆ, ಇನ್ನೊಂದರಲ್ಲಿ ರಾಣಿಯೇ ಹೀಗೆ ನೋಡದೆ ಹೋಗಿತ್ತು. ಎಲ್ಲ ಕಡೆ ಎದುರಾಳಿ ಏನೋ ಹೇಳುತ್ತಿದ್ದ, ಇವನು ಆಗಲೇ ಉತ್ತರ ಕೊಟ್ಟು ಮುಗಿಸಿದ್ದ.

"ಕಳ್ಳ ಸಿಕ್ಕಿದನಾ?" ಎಂದಳು ಅಕ್ಕ.

"ಇನ್ನೂ ಇಲ್ಲ," ಎಂದು ಬಾಣ ಫೋನು ಜೇಬಿಗಿಟ್ಟ.

ಮರುದಿನ ಊಟದ ಹೊತ್ತಿನಲ್ಲಿ ಅಂಗಡಿ ಖಾಲಿಯಿತ್ತು. ಹೊರಗೆ, ನೆತ್ತಿಯ ಮೇಲೆ ಡ್ರೈವಿಂಗ್ ಶಾಲೆಯ ಹಲಗೆ ಹೊತ್ತ ಭಾವನ ಕಾರು ನಿಂತಿತ್ತು. ಮುಂದಿನ ವಿದ್ಯಾರ್ಥಿ ಬರುವವರೆಗೆ ಅವರು ಅದರಲ್ಲೇ ಕೂತಿರುವುದು ವಾಡಿಕೆ. ಆಮೆರಾಯ ಕರೆದ. ಬಾಣ ಕಾಲಾಳನ್ನು ಒಂದು ಹೆಜ್ಜೆ ಮುಂದಿಟ್ಟ. ಬೆರಳು ತಾನಾಗಿ ಒಂಟೆಯ ಕಡೆ ಹೊರಟಿತು. ಎಡಗೈಯಿಂದ ಅದನ್ನು ಹಿಡಿದು ತೊಡೆಯ ಕೆಳಗೆ ಒತ್ತಿ ಕೂತ. ಆಮೆರಾಯನ ಒಂಟೆ ಬಂದು ಕುದುರೆಯ ಬಾಯಲ್ಲಿ ನಿಂತಿತು. ತಿನ್ನಬಹುದು. ತಿನ್ನಲು ಕ್ಷಣ ಸಾಕು. ಆದರೆ ಬಾಣನಿಗೆ ನೋಡಬೇಕೆನಿಸಿತು. ಕುದುರೆ ಹೋದರೆ ಅದರ ಜಾಗ ಯಾರು ಕಾಯುತ್ತಾರೆ, ತನ್ನ ರಾಜನಿಗೆ ಗಾಳಿ ಎಲ್ಲಿಂದ ಬಡಿಯುತ್ತದೆ, ಎದುರಿನವನ ರಾಣಿಯ ದಾರಿ ಯಾವುದು. ಗಡಿಯಾರ ಇಳಿಯುತ್ತಿತ್ತು. ಇಷ್ಟು ಹೊತ್ತು ಒಂದು ಮಣೆಯನ್ನು ಅವನು ನೋಡಿಯೇ ಇರಲಿಲ್ಲ.

ಹೊರಗಿನಿಂದ ಇಡೀ ಬೀದಿಗೆ ಕೇಳುವಂತೆ ದನಿ ಬಂತು: "ಲೋ, ತಿನ್ನೋದಾದರೆ ತಿನ್ನೋ! ಎಷ್ಟು ಹೊತ್ತು ಕಾಯಿಸ್ತೀಯ?"

ಬಾಣ ತಲೆ ಎತ್ತಿದ. ಕಾರಿನ ಕಿಟಕಿಯಲ್ಲಿ ಭಾವ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಬಾಯಿಯ ಮೇಲೆ. ಮಾತು ಜಾರಿದ್ದು ಅವರಿಗೂ ಆಗಲೇ ಗೊತ್ತಾಗಿತ್ತು.

"ನೀವಾ?" ಎಂದ ಬಾಣ. ಆಮೇಲೆ ಅಕ್ಕನ ಕಡೆ ತಿರುಗಿದ. ಅವಳು ಗಾಜು ಒರೆಸುವುದನ್ನು ನಿಲ್ಲಿಸಿರಲಿಲ್ಲ. "ನಿನಗೂ ಗೊತ್ತಿತ್ತಾ?"

"ನಾನೇ ಮಾಡಿ ಅಂದಿದ್ದು."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ."

"ಎಷ್ಟು ಸಲ ಹೇಳಿದೀನಿ. ನಾನು 'ನೋಡು' ಅನ್ನೋಷ್ಟರಲ್ಲಿ ನೀನು 'ನೋಡಿದೆ' ಅಂತೀಯ."

ಬಾಣನಿಗೆ, ಇಷ್ಟು ದಿನ ಊಟಕ್ಕೆ ಕೂತು ತಾನು ಕಳ್ಳನನ್ನು ಬೈದದ್ದು, ಭಾವ ಅಯ್ಯೋ ಪಾಪ ಎಂದದ್ದು, ಎಲ್ಲ ಸಾಲಾಗಿ ನೆನಪಾಯಿತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಟೈಲರಮ್ಮ ನಿಂತಿದ್ದರು, ಕೊರಳಿಗೆ ಅಳತೆಯ ಟೇಪು, ಬೆರಳಿನ ಪಟ್ಟಿ ಬಿಚ್ಚಿತ್ತು.

"ಈಗ ಬರಬಹುದಾ?" ಎಂದರು.

ಅಕ್ಕ ಬಾಣನನ್ನು ನೋಡಿದಳು. ಅವನು ಫೋನನ್ನು ಹಾಗೇ ಬಿಟ್ಟು ಒಳಗಿನ ಕೋಣೆಯ ದೀಪ ಹಾಕಿದ. ಗೆಲ್ಲುವ ಆಟದ ಗಡಿಯಾರ ಕೌಂಟರಿನ ಮೇಲೆ ಓಡುತ್ತಲೇ ಇತ್ತು.

ಟೈಲರಮ್ಮ ಕುರ್ಚಿ ಏರಿದರು. "ಹತ್ತಿರದ್ದು..." ಎಂದರು, ಮತ್ತು ಅಭ್ಯಾಸಬಲದಿಂದ ನಿಲ್ಲಿಸಿದರು. ಬಾಣ ನಾಲಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತ ಮಾತುಗಳನ್ನು ಹಲ್ಲು ಕಚ್ಚಿ ತಡೆದ. ಅವನು ಎದ್ದು ಹೋಗಿಲ್ಲವೆಂದು ಖಚಿತಪಡಿಸಿಕೊಳ್ಳುವಂತೆ ಅವರು ಒಮ್ಮೆ ತಿರುಗಿ ನೋಡಿದರು.

"ಹತ್ತಿರದ್ದು ನನಗೇನು ತೊಂದರೆ ಇಲ್ಲಪ್ಪ," ಎಂದರು ಕೊನೆಗೆ. "ಪುಸ್ತಕ ಎಲ್ಲಿ ಓದ್ತೀನಿ ನಾನು? ನನಗೆ ಬೇಕಾಗಿರೋದು ಸೂಜಿ. ಅದು ಪುಸ್ತಕದಷ್ಟು ಹತ್ತಿರ ಇರಲ್ಲ, ಗೋಡೆಯಷ್ಟು ದೂರನೂ ಇರಲ್ಲ. ಅವತ್ತೇ ಹೇಳೋಣ ಅಂತಿದ್ದೆ."

"ಎಷ್ಟು ದೂರ ಇರತ್ತೆ?"

"ಹೀಗೆ ಕೂತರೆ..." ಅವರು ಬೆನ್ನು ಬಗ್ಗಿಸಿ, ಇಲ್ಲದ ಮಷಿನ್ನಿನ ಮೇಲೆ ಇಲ್ಲದ ಬಟ್ಟೆಯನ್ನು ಎರಡೂ ಕೈಯಿಂದ ಹಿಡಿದರು. ಬಾಣ ಅವರ ಟೇಪನ್ನೇ ಕೇಳಿ ತೆಗೆದುಕೊಂಡು, ಒಂದು ತುದಿಯನ್ನು ಅವರ ಹುಬ್ಬಿನ ಪಕ್ಕ ಹಿಡಿದ.

ಆಗ ಹೊರಗಿನಿಂದ ಬಾಣನದೇ ದನಿ ಕೇಳಿಸಿತು, ಮೂಗು, ಅವಸರ, ಎಲ್ಲ ಸೇರಿ: "ಮಸುಕಾ? ಗೊತ್ತಾಯ್ತು, ಗೊತ್ತಾಯ್ತು. ಕಣ್ಣು ಮನೆಯಲ್ಲೇ ಬಿಟ್ಟುಬಂದರೂ ಪರವಾಗಿಲ್ಲ, ನಂಬರು ಆಗಲೇ ಬರೆದಾಯ್ತು!" ಅಕ್ಕ ಗೋಡೆ ಹಿಡಿದ ಸದ್ದು ಕೇಳಿಸಿತು. ಟೈಲರಮ್ಮ ತಡೆಯಲಾರದೆ ಪಕ್ಕನೆ ನಕ್ಕರು, ನಕ್ಕು ತಪ್ಪಾಯಿತೇನೋ ಎಂದು ಬಾಣನ ಮುಖ ನೋಡಿದರು. ಬಾಣ ಮೊದಲು ಟೇಪನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಆಮೇಲೆ ಅವನ ಹೊಟ್ಟೆಯ ಎಲ್ಲೋ ಆಳದಿಂದ ನಗು ಹೊರಟಿತು, ಭುಜ ಕುಲುಕಿಸಿಕೊಂಡು ಮೇಲೆ ಬಂತು, ಹೊರಗಿನವರಿಬ್ಬರ ನಗುವನ್ನೂ ಮುಳುಗಿಸಿ ಆ ಸಣ್ಣ ಕೋಣೆಯ ತುಂಬ ಕೇಳಿಸಿತು. ಟೇಪು ಅವನ ಕೈಯಿಂದ ಜಾರಿತು.

"ನನ್ನ ಕೈ ಅಲುಗಿತು ಅಮ್ಮ," ಎಂದ, ಕಣ್ಣು ಒರೆಸಿಕೊಳ್ಳುತ್ತ. "ಇನ್ನೊಂದು ಸಲ ಕೂತ್ಕೊಳ್ಳಿ. ನಿಧಾನ."

ಟೈಲರಮ್ಮ ಮತ್ತೆ ಬೆನ್ನು ಬಗ್ಗಿಸಿದರು, ಕೈಗಳನ್ನು ಗಾಳಿಯಲ್ಲಿ ಅತ್ತಿತ್ತ ಸರಿಸಿ ತಮ್ಮ ಮಷಿನ್ನಿನ ಜಾಗ ಹುಡುಕಿದರು. ಬಾಣ ಟೇಪಿನ ತುದಿ ಹಿಡಿದು, ಆ ಎರಡು ಕೈಗಳು ಒಂದು ಕಡೆ ನೆಲೆಯಾಗುವುದನ್ನೇ ನೋಡುತ್ತ ನಿಂತ.