ಹದ್ದಿನ ಕೊಕ್ಕು

ಉತ್ತರದ ಕಡಲಂಚಿನ ನಮ್ಮ ಟ್ಲಿಂಗಿಟ್ ಜನರಲ್ಲಿ ಹುಟ್ಟಿನಿಂದ ಬರುವ ಕಡೆಗಳು ಎರಡೇ. ತೀರಿಹೋದ ನನ್ನ ಹೆಂಡತಿ ಅಡೀಲಿಯಾ ಹದ್ದಿನ ಕಡೆಯವಳು, ನಾನು ಕಾಗೆಯ ಕಡೆಯವನು. ಸತ್ತವರ ನೆನಪಿಗೆ ನಿಲ್ಲಿಸುವ ಕಂಬವನ್ನು ಅವರ ಕಡೆಯವರು ಕೆತ್ತುವಂತಿಲ್ಲ, ಎದುರು ಕಡೆಯವರೇ ಕೆತ್ತಬೇಕು. ಹಾಗಾಗಿ ಅವಳ ಕಂಬ ನನ್ನ ಪಾಲಿಗೆ ಬಂತು. ನಮ್ಮ ಕಡೆಯಲ್ಲಿ ಬಾಚಿ ಹಿಡಿಯಬಲ್ಲವನು ನಾನೊಬ್ಬನೇ. ಉಳಿದವರಿಗೆ ದೋಣಿಯ ಮೋಟಾರು ಬಿಟ್ಟರೆ ಬೇರೇನೂ ಹಿಡಿಯಲು ಬಾರದು.

ಎರಡು ವರ್ಷವಾಯಿತು. ದೇವದಾರಿನ ದಿಮ್ಮಿಯಲ್ಲಿ ಕರಡಿ ಮೂಡಿತು, ತಿಮಿಂಗಿಲ ಮೂಡಿತು, ತುದಿಯಲ್ಲಿ ಹದ್ದು ಕೂತಿತು. ಹದ್ದಿನ ಕೊಕ್ಕನ್ನು ಬೇರೆ ತುಂಡಿನಲ್ಲಿ ಕೆತ್ತಿ ಕೂರಿಸಬೇಕು, ಅದಷ್ಟೇ ಬಾಕಿ. ಯಾರು ಕೇಳಿದರೂ "ಮರ ಸೀಳಿಹೋಯ್ತು, ಇನ್ನೊಂದು ಕೆತ್ತಬೇಕು" ಎನ್ನುತ್ತಿದ್ದೆ. ಅದು ಹಸಿ ಸುಳ್ಳು. ಕಂಬ ನಿಂತ ದಿನವೇ ಕುಲದವರು ಅಡೀಲಿಯಾಳಿಗೆ ಕೊಟ್ಟಿದ್ದ ಹೆಸರು ಇನ್ನೊಬ್ಬರದಾಗುತ್ತದೆ. ಮೂವತ್ತೊಂದು ವರ್ಷ ನಾನು ಮನೆಯಲ್ಲಿ ಕರೆದದ್ದು ಆ ಹೆಸರನ್ನೇ. ಈಗಲೂ ಒಣಮೀನು ಸುಟ್ಟುಕೊಂಡು ಒಬ್ಬನೇ ಉಣ್ಣಲು ಕೂತರೆ ಎದುರಿನ ಖಾಲಿ ಕುರ್ಚಿಯತ್ತ ನೋಡಿ ಕರೆಯುತ್ತೇನೆ. ನಾಚಿಕೆಯೇನೂ ಇಲ್ಲ.

ಒಂದು ಬೆಳಿಗ್ಗೆ ನಾದಿನಿ ಫೀಬಿ ಶೆಡ್ಡಿಗೆ ಬಂದಳು. ಒಲೆಗೆ ಚಕ್ಕೆ ಬೇಕೆಂದು ರಾಶಿಗೆ ಕೈ ಹಾಕಿದವಳಿಗೆ ನಾನು ಬಚ್ಚಿಟ್ಟಿದ್ದ ಎರಡು ಕೊಕ್ಕು ಸಿಕ್ಕವು.

"ಎಲ್ಲಿ ಭಾವ ಸೀಳಿರೋದು? ನನಗಂತೂ ಕಾಣ್ತಿಲ್ಲ."

"ನಿನಗೇನು ತಾನೆ ಕಾಣತ್ತೆ? ಕನ್ನಡಕ ಹಾಕ್ಕೊಂಡು ಬಾ ಹೋಗು."

"ಹಾಕ್ಕೊಂಡೇ ಇದೀನಿ." ಅವಳು ಪಕ್ಕದಲ್ಲೇ ಕೂತಳು. "ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ ತುಂಬ್ತು. ತನ್ನ ಹೆಸರು ಅವಳಿಗೇ ಅಂತ ಅಕ್ಕ ಸಾಯೋ ಮುಂಚೆ ಹೇಳಿದ್ಲು. ಕಂಬ ನಿಲ್ಲಿಸದೆ ಕೊಡೋ ಹಾಗಿಲ್ಲ, ನಿಮಗೂ ಗೊತ್ತು."

"ಅದನ್ನೂ ಕೊಟ್ಟುಬಿಟ್ರೆ ನನಗೇನು ಉಳಿಯತ್ತೆ ಫೀಬಿ?"

ಅವಳು ಎರಡೂ ಕೊಕ್ಕನ್ನು ನನ್ನ ಮುಂದಿಟ್ಟಳು. ಎರಡರಲ್ಲಿ ಯಾವ ಕೊಕ್ಕು ಚೆನ್ನಾಗಿದೆ ಎಂದು ಮಾತ್ರ ಕೇಳಿದಳು. ಒಂದನ್ನು ತೋರಿಸಿದೆ.

ಮುಂದಿನ ಶನಿವಾರ ಊರವರೆಲ್ಲ ಸೇರಿ ಹಗ್ಗ ಎಳೆದು ಕಂಬ ನಿಲ್ಲಿಸಿದರು. ಔತಣದಲ್ಲಿ ಫೀಬಿ ಮೊಮ್ಮಗಳನ್ನು ಎಲ್ಲರ ಮುಂದೆ ನಿಲ್ಲಿಸಿ ಹೆಸರು ಹೇಳಿದಳು. ಅದನ್ನು ನಾಲ್ಕು ಸಲ ಕೂಗಿ ಸಾಕ್ಷಿಯಾಗಬೇಕಾದವರು ಎದುರು ಕಡೆಯವರಾದ ನಾವು. ನಮ್ಮವರೆಲ್ಲ ಕೂಗಿದರು. ನನಗೆ ಬಾಯಿ ಬರಲಿಲ್ಲ. ನಾಲ್ಕೂ ಮುಗಿದು ಸಭೆ ಸುಮ್ಮನಾದ ಮೇಲೆ ನನ್ನೊಬ್ಬನ ದನಿ ಹೊರಟಿತು, ಮನೆಯಲ್ಲಿ ಕರೆಯುತ್ತಿದ್ದ ಹಾಗೆ, ಮೆತ್ತಗೆ.

"ಓ" ಎಂದಿತು ಮಗು.