ಎಪ್ಪತ್ತೆಂಟನೆಯ ಮನೆ

ಸೂಜಿಯ ಕಣ್ಣಿಗೆ ಬಿಳಿ ದಾರ ಮೂರನೆಯ ಸಲವೂ ತಪ್ಪಿತು. ಮೇಷ್ಟ್ರ ಹೆಂಡತಿ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಉಸಿರು ಬಿಗಿಹಿಡಿದು ಮತ್ತೆ ಪೋಣಿಸಿದಳು. ತೊಡೆಯ ಮೇಲೆ ಗಂಡನ ಬಿಳಿ ಕೋಟು ಹರಡಿಕೊಂಡಿತ್ತು. ಆಮ್ಲ ಸಿಡಿದು ಬಿದ್ದ ತೂತುಗಳು, ಒಂದೊಂದರ ಅಂಚೂ ಕಂದು. ಮೂವತ್ತೊಂದು ವರ್ಷ ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿದ ಕೋಟು ಅದು. ಹೇಳಿದವರು ಆಚೆ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುವುದಿತ್ತು.

"ಬಿಡಿ ಅತ್ತಿಗೆ," ಎಂದಳು ನಾದಿನಿ, ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದು. "ಈಗ ಯಾರು ತೂತು ಎಣಿಸ್ತಾರೆ?"

"ನಿಮ್ಮಣ್ಣನೇ ಎಣಿಸ್ತಾರೆ. ಇದು ಯಾವ ಮಗು ಚೆಲ್ಲಿದ್ದು, ಅದು ಯಾವುದು ಅಂತ ಒಂದೊಂದಕ್ಕೂ ಲೆಕ್ಕ ಇತ್ತು ಅವರ ಹತ್ರ."

"ಹೊಸ ಅಂಗಿ ಇತ್ತಲ್ಲ."

"ಹೊಸ ಅಂಗೀಲಿ ಅವರು ಯಾವತ್ತು ಮನುಷ್ಯರ ಹಾಗೆ ಕಂಡಿದ್ರು? ಮದುವೆ ಫೋಟೋ ನೋಡು, ಯಾರದೋ ಮನೆ ಬಾಗಿಲಿಗೆ ಬಂದವರ ಹಾಗೆ ನಿಂತಿದಾರೆ."

ನಾದಿನಿ ನಗಲು ಹೋಗಿ ಅತ್ತಳು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ದಾರ ಸಾಲಲಿಲ್ಲ. ಇನ್ನೊಂದು ಉಂಡೆಗೆಂದು ಹೊಲಿಗೆ ಯಂತ್ರದ ಡ್ರಾಯರು ಎಳೆದಳು. ತಳಕ್ಕೆ ಹಾಸಿದ ಹಳೆಯ ಪೇಪರಿನ ಮೇಲೆ ಬೆರಳಾಡಿತು; ಒಂದು ಕಡೆ ಪೇಪರು ಸ್ವಲ್ಪ ಉಬ್ಬಿತ್ತು. ಕಾದ ಬಾಣಲೆ ತಾಕಿದಂತೆ ಕೈ ಹಿಂದಕ್ಕೆ ಬಂತು. ಡ್ರಾಯರನ್ನು ಮೊಣಕಾಲಿನಿಂದ ತಳ್ಳಿ ಮುಚ್ಚಿದಳು. ಇದ್ದ ದಾರವನ್ನೇ ಎಳೆಎಳೆಯಾಗಿ ಬಿಡಿಸಿ ಹೊಲಿದಳು.

ಹತ್ತರ ಹೊತ್ತಿಗೆ ಅಂಗಳ ತುಂಬಿತು. ಬಂದವರಲ್ಲಿ ಬಹುಪಾಲು ಹಳೆಯ ವಿದ್ಯಾರ್ಥಿಗಳು. ಮೇಷ್ಟ್ರು ವರ್ಷದ ಮೊದಲ ದಿನ ಬಿಸ್ಕತ್ತಿನ ಡಬ್ಬಿಯೊಂದನ್ನು ತರಗತಿಗೆ ಒಯ್ಯುತ್ತಿದ್ದರು. ಅದರಲ್ಲಿ ಮಡಿಸಿದ ಚೀಟಿಗಳು, ಒಂದೊಂದರಲ್ಲಿ ಒಂದೊಂದು ಧಾತು. ಯಾರ ಕೈಗೆ ಏನು ಬಂತೋ ವರ್ಷವಿಡೀ ಅವರು ಅದೇ. ಹಾಜರಿ ಕೂಗುವುದೂ ಅದೇ ಹೆಸರಿನಿಂದ. ಗೋಡೆಯ ಮೇಲಿನ ಆವರ್ತ ಕೋಷ್ಟಕದಲ್ಲಿ ತಮ್ಮ ಮನೆ ಯಾವುದು, ಎಡಬಲದ ನೆಂಟರು ಯಾರು, ಯಾರ ಜೊತೆ ಸ್ನೇಹ, ಯಾರನ್ನು ಕಂಡರೆ ಉರಿದುಬೀಳುವುದು, ಎಲ್ಲ ಎದ್ದು ನಿಂತು ಹೇಳಬೇಕು. ಒಂದು ಕಡೆ ನಿಲ್ಲದ ಮೇಷ್ಟ್ರಿಗೆ ಮಕ್ಕಳು ಪಾದರಸ ಎಂದು ಹೆಸರಿಟ್ಟಿದ್ದರು. ಅದು ತಮಗೆ ಗೊತ್ತೇ ಇಲ್ಲವೆಂಬಂತೆ ಅವರು ಮೂವತ್ತೊಂದು ವರ್ಷ ನಟಿಸಿದ್ದರು.

"ಏ, ನೀನು ಗಂಧಕ ಅಲ್ವೇನೋ?" ಅಂಗಳದಲ್ಲಿ ಹೆಂಗಸೊಬ್ಬಳ ದನಿ.

"ಅಲ್ಲದೆ ಮತ್ತೆ? ನೀನು ಸತು. ಜಡೆ ಎಲ್ಲಿ ಹೋಯ್ತೇ?"

"ಹೊಟ್ಟೆ ನಿನಗೆ ಬಂತು, ಜಡೆ ನನಗೆ ಹೋಯ್ತು. ಮೇಷ್ಟ್ರು ಹೇಳ್ತಿರಲಿಲ್ವಾ, ಒಟ್ಟು ತೂಕ ಹಾಗೇ ಇರುತ್ತೆ ಅಂತ."

"ಮೆತ್ತಗೆ ಮಾತಾಡು ಮಾರಾಯ್ತಿ, ಒಳಗೆ ಮಲಗಿದಾರೆ."

"ಅವರೇ ನಕ್ಕಿರ್ತಾರೆ ಬಿಡು." ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಸತು ಕೇಳಿದಳು, "ಏನು ಮಾಡ್ತಿದೀಯ ಈಗ?"

"ಟೈರಿಗೆ ತೇಪೆ ಹಾಕ್ತೀನಿ. ರಬ್ಬರು ಗಟ್ಟಿಯಾಗೋದಕ್ಕೆ ಗಂಧಕ ಬೇಕಂತಲ್ಲ? ಮೇಷ್ಟ್ರು ಸೈಕಲ್ ತಳ್ಕೊಂಡು ಬಂದಾಗೆಲ್ಲ, 'ಅಂತೂ ನಿನ್ನ ಮನೆ ಸೇರ್ಕೊಂಡೆ ಕಣೋ' ಅಂತಿದ್ರು. ಕಾಸು ಬೇಡ ಅಂದ್ರೆ ಸಿಡುಕೋರು."

ಮೇಷ್ಟ್ರ ಹೆಂಡತಿ ಒಳಗಿನಿಂದ ಕೇಳಿಸಿಕೊಂಡಳು. ಕೋಟಿನ ಕೊನೆಯ ತೂತಿಗೆ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದಳು.

"ಒಂದು ವಿಷಯ ಗಮನಿಸಿದ್ಯಾ?" ಗಂಧಕನ ದನಿ ತಗ್ಗಿತು. "ನನ್ನ ತಮ್ಮನೂ ಇವರ ಕ್ಲಾಸಲ್ಲೇ ಓದಿದ್ದು, ಆಮೇಲೆ ನಮ್ಮಕ್ಕನ ಮಗನೂ. ಕೇಳಿದೀನಿ ಇಬ್ಬರನ್ನೂ. ನಮ್ಮ ವರ್ಷದ ನಂತರ ಪ್ಲಾಟಿನಂ ಚೀಟಿ ಡಬ್ಬೀಲಿ ಇರಲೇ ಇಲ್ವಂತೆ. ಎಪ್ಪತ್ತೆಂಟನೇ ಮನೆ ಖಾಲಿ. ಯಾಕೆ ಸರ್ ಅಂದ್ರೆ, 'ಅಲ್ಲಿ ಇರೋರು ಊರಿಗೆ ಹೋಗಿದಾರೆ, ಬರ್ತಾರೆ' ಅಂತಿದ್ರಂತೆ."

ಎತ್ತಿಡಲು ಹೋದ ಸೂಜಿ ಹೆಬ್ಬೆರಳಿಗೆ ಚುಚ್ಚಿತು. ರಕ್ತ ಕೋಟಿಗೆ ತಾಗದಂತೆ ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡಳು.

*

ಗಂಧಕನ ಕ್ಲಾಸಿನಲ್ಲಿ ಪ್ಲಾಟಿನಂ ಬಂದ ಹುಡುಗಿ, ಚೀಟಿ ಬಿಡಿಸಿದ ದಿನ ಮೋರೆ ಸಪ್ಪೆ ಮಾಡಿಕೊಂಡಿದ್ದಳಂತೆ. ಎಲ್ಲರಿಗೂ ಚಿನ್ನ ಬೇಕು. ಪಕ್ಕದ ಮನೆ ಬಂತು ನನಗೆ ಎಂದಳಂತೆ. ಮೇಷ್ಟ್ರು, "ಚಿನ್ನ ತೋರಿಸಿಕೊಳ್ಳೋ ಜಾತಿ. ನೀನು ಬೆಂಕಿಗೂ ಬಗ್ಗೋದಿಲ್ಲ, ಆಮ್ಲಕ್ಕೂ ಜಗ್ಗೋದಿಲ್ಲ" ಎಂದು ಶಾಲೆಯ ಪ್ಲಾಟಿನಂ ತಂತಿಯ ಜವಾಬ್ದಾರಿಯನ್ನು ಅವಳಿಗೇ ಕೊಟ್ಟರು. ಗಾಜಿನ ಕಡ್ಡಿಯ ತುದಿಗೆ ಕೂರಿಸಿದ ಬೆರಳುದ್ದದ ತಂತಿ. ಅದನ್ನು ಲವಣದಲ್ಲಿ ಅದ್ದಿ ಬೆಂಕಿಗೆ ಹಿಡಿದರೆ ಜ್ವಾಲೆ ಬಣ್ಣ ತಿರುಗುತ್ತದೆ: ಒಂದಕ್ಕೆ ಹಳದಿ, ಒಂದಕ್ಕೆ ಹಸಿರು, ಒಂದಕ್ಕೆ ನೇರಳೆ. ಇಡೀ ಶಾಲೆಗೆ ಅಂಥದ್ದು ಒಂದೇ.

ಸಂಜೆ ಆ ಹುಡುಗಿ ಇವರ ಮನೆಗೆ ಬರುತ್ತಿದ್ದಳು. ಮಕ್ಕಳಿಲ್ಲದ ಮನೆ. ಶಾಲೆಯವರೇ ಕೊಟ್ಟ ಎರಡು ಕೋಣೆ, ಹಾಸಿಗೆ ಹಿಡಿದ ಅತ್ತೆ, ಸಮವಸ್ತ್ರ ಹೊಲಿಯುವ ಯಂತ್ರ. ಹುಡುಗಿ ಪೆಡಲಿನ ಪಕ್ಕ ನೆಲದ ಮೇಲೆ ಕೂತು ಕತ್ತರಿಸಿದ ಚೂರುಗಳನ್ನು ಬಣ್ಣಬಣ್ಣ ಬೇರೆ ಮಾಡುತ್ತಿದ್ದಳು. "ಅಮ್ಮಾ, ಈ ನೀಲಿ ತಾಮ್ರದ ಜ್ವಾಲೆ ಥರ ಇದೆ." "ಅದು ಹೆಡ್‌ಮಾಸ್ಟರ ಮಗಳ ಲಂಗ ಕಣೇ." ಅವಳ ಲಂಗದ ಅಂಚನ್ನು ಎರಡು ಬಾರಿ ಬಿಚ್ಚಿ ಉದ್ದ ಮಾಡಿಕೊಟ್ಟದ್ದು ಮೇಷ್ಟ್ರ ಹೆಂಡತಿಯೇ. ಮೂರನೆಯ ಬಾರಿಗೂ ಬಟ್ಟೆ ಮಡಿಸಿಟ್ಟಿದ್ದಳು.

ಆ ಬಾರಿ ಬರಲಿಲ್ಲ. ಒಂದು ದಿನ ತಂತಿ ಕಾಣೆಯಾಯಿತು. ಕೊನೆಗೆ ಯಾರ ಕೈಯಲ್ಲಿತ್ತು ಎಂದು ಹೆಡ್‌ಮಾಸ್ಟರು ಕೇಳಿದರು. ಮೇಷ್ಟ್ರು ಇದ್ದದ್ದನ್ನೇ ಹೇಳಿದರು: ಆ ಹುಡುಗಿಯ ಕೈಯಲ್ಲಿ. ಅಷ್ಟೇ ಹೇಳಿದ್ದು. ಅವಳ ಚೀಲವನ್ನು ಎಲ್ಲರೆದುರು ನೆಲಕ್ಕೆ ಸುರಿದರು. ಬಣ್ಣದ ಬಟ್ಟೆಚೂರುಗಳಷ್ಟೇ ಬಿದ್ದವು. ಮೇಷ್ಟ್ರು ನೋಡುತ್ತ ನಿಂತಿದ್ದರು. ವಾರದೊಳಗೆ ಅವಳಪ್ಪ ಮಗಳನ್ನು ಶಾಲೆ ಬಿಡಿಸಿ, ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದ.

*

ಗಾಡಿ ಹನ್ನೊಂದಕ್ಕೇ ಬಂತು. ಮೇಷ್ಟ್ರು ಕೋಟು ತೊಟ್ಟು ಹೊರಟರು. ಜೊತೆಗೆ ಹೋದವರೆಲ್ಲ ಕೈತೊಳೆದು ಹಿಂತಿರುಗುವಾಗ ಎರಡು ದಾಟಿತ್ತು. ಅಂಗಳದ ಕುರ್ಚಿಗಳಲ್ಲಿ ಗಂಧಕ, ಸತು, ಇನ್ನು ನಾಲ್ಕಾರು ಜನ ಉಳಿದರು. ನಾದಿನಿ ಮತ್ತೆ ಟೀ ತಂದಳು.

"ಅವಳ ಸುದ್ದಿ ಏನಾದ್ರೂ ಇದ್ಯಾ? ಪ್ಲಾಟಿನಂದು?" ಗಂಧಕ ಕೇಳಿದ.

"ಹೋದ ವರ್ಷ ಸಿಕ್ಕಿದ್ಲು," ಎಂದಳು ಸತು. "ಬಸ್ ಡಿಪೋದಲ್ಲಿ ಗುಮಾಸ್ತೆ. ಇಬ್ಬರೂ ಒಟ್ಟಿಗೆ ಬಟ್ಟೆ ಅಂಗಡಿಗೆ ಹೋಗಿದ್ವಿ. ಒಂದು ಸೀರೇನೂ ಮುಟ್ಟಿ ನೋಡಲಿಲ್ಲ ಕಣೋ. ಎರಡೂ ಕೈ ಕಟ್ಟೆ ಮೇಲೆ ಹೀಗೆ, ಎಲ್ಲರಿಗೂ ಕಾಣೋ ಹಾಗೆ ಇಟ್ಕೊಂಡು ನಿಂತಿದ್ಲು. ಏನೇ ಇದು ಅಂದ್ರೆ, 'ರೂಢಿ ಆಗಿಬಿಟ್ಟಿದೆ ಕಣೇ' ಅಂದ್ಲು."

ಗಂಧಕ ಟೀಯನ್ನು ನೋಡಿದ, ಕುಡಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿ ಒಳಗೆ ಹೋದಳು.

*

ತಂತಿ ಸಿಕ್ಕಿದ್ದು ಐದು ತಿಂಗಳ ಮೇಲೆ. ಶಾಲೆಯಲ್ಲಿ ನಿಕ್ರೋಮ್ ಎಂಬ ಅಗ್ಗದ ತಂತಿಗಳ ಡಬ್ಬಿ ಇತ್ತು; ಅವಕ್ಕೂ ಅಂಥವೇ ಗಾಜಿನ ಕಡ್ಡಿ. ನೋಡುವುದಕ್ಕೆ ಎಲ್ಲ ಒಂದೇ. ಅವನ್ನು ಶುಚಿ ಮಾಡಲೆಂದು ಮೇಷ್ಟ್ರು ಒಂದೊಂದನ್ನೇ ಆಮ್ಲದಲ್ಲಿ ಅದ್ದಿ ಬೆಂಕಿಗೆ ಹಿಡಿದರು. ಎಲ್ಲವೂ ಕಪ್ಪಿಟ್ಟವು. ಒಂದು ಮಾತ್ರ ಎಷ್ಟು ಸಲ ಕಾಸಿದರೂ ತೊಳೆದಿಟ್ಟ ಹಾಗೆ ಹೊಳೆಯಿತು. ಕನ್ನಡಕ ಮರೆತು ಹೋಗಿದ್ದ ಒಂದು ದಿನ ಹುಡುಗಿ ಮೇಜಿನ ಮೇಲಿಟ್ಟಿದ್ದ ಅದನ್ನು ನಿಕ್ರೋಮ್ ಎಂದುಕೊಂಡು ಆ ಡಬ್ಬಿಗೆ ಹಾಕಿದ್ದವರು ಅವರೇ.

ಹೆಡ್‌ಮಾಸ್ಟರು, "ಸಿಕ್ತು ಅನ್ನಿ. ಹೇಗೆ ಸಿಕ್ತು ಅನ್ನಬೇಡಿ" ಎಂದರು. ಮೇಷ್ಟ್ರು ಮನೆಗೆ ಬಂದು ಅನ್ನ ಮುಟ್ಟದೆ ಕಾಗದ ಬರೆದರು. ಶಾಲೆಯ ಗುಮಾಸ್ತನಿಂದ ಹುಡುಗಿಯ ಹೊಸ ವಿಳಾಸ ತಂದಿದ್ದರು. ಹೆಂಡತಿಗೂ ಓದಿ ಹೇಳಿದರು. ತಪ್ಪು ನನ್ನದು, ನಿನ್ನದಲ್ಲ. ಒಂದು ಸಾಲು ಉತ್ತರ ಬರೆ, ನಾನೇ ಬಂದು ಕರೆತರುತ್ತೇನೆ, ಎಲ್ಲರೆದುರು ಹೇಳುತ್ತೇನೆ. ಕೆಳಗೆ ರುಜು.

ಮರುದಿನ ಬೆಳಿಗ್ಗೆ, ಹೊಲಿದ ಬಟ್ಟೆ ಕೊಡಲು ಹೊರಟವಳ ಕೈಗೆ ಅದನ್ನು ಕೊಟ್ಟರು. ಅಂಚೆಡಬ್ಬಿಯ ಮುಂದೆ ಅವಳು ನಿಂತಳು. ಬಾಯಿಮಾತಾದರೆ ಗಾಳಿಗೆ ಹೋಗುತ್ತದೆ. ಇದು ಬರಹ, ರುಜು ಬೇರೆ. ಆ ಹುಡುಗಿಯ ಅಪ್ಪ ಇದನ್ನು ಹಿಡಿದು ಮೇಲಿನವರ ಹತ್ತಿರ ಹೋದರೆ? ಕೆಲಸ ಹೋದರೆ ಮನೆಯೂ ಹೋಯಿತು. ಹಾಸಿಗೆಯಿಂದ ಎತ್ತಲಾರದ ಮುದುಕಿಯನ್ನು ಯಾವ ಬೀದಿಗೆ ಎತ್ತಿಕೊಂಡು ಹೋಗುವುದು? ಅತ್ತೆ ಇರುವವರೆಗೆ ತಡೆಯೋಣ, ಆಮೇಲೆ ಹಾಕೋಣ ಎಂದುಕೊಂಡು ವಾಪಸು ಬಂದಳು.

ಅತ್ತೆ ಎರಡು ವರ್ಷ ಬದುಕಿದರು. ಅಷ್ಟರಲ್ಲಿ ಹಾಕುವುದಕ್ಕಿಂತ ತಡೆದದ್ದನ್ನು ಹೇಳುವುದೇ ಕಷ್ಟವಾಗಿತ್ತು. ಮೇಷ್ಟ್ರು ಮಾತ್ರ ದಿನವೂ ಗೇಟಿನಲ್ಲಿ, ಅಂಚೆಯವನ ದಾರಿ ಕಾಯುತ್ತ. "ಏನಾದ್ರೂ ಇದ್ಯಾ?" "ಇವತ್ತೂ ಇಲ್ಲ ಸರ್." ಒಳಗೆ ಬಂದು, "ಅವಳು ಬೇಡ ಅಂದ್ರೆ ನಾನು ಮೇಲೆ ಬಿದ್ದು ಹೇಗೆ ಹೋಗ್ಲಿ?" ಎನ್ನುತ್ತಿದ್ದರು. ಅವಳು ಯಂತ್ರದ ಚಕ್ರ ತಿರುಗಿಸುತ್ತಿದ್ದಳು, ಜೋರಾಗಿ, ಉತ್ತರ ಹೇಳಬೇಕಾಗದಷ್ಟು ಜೋರಾಗಿ. ಹೀಗೆ ಇಪ್ಪತ್ತೆರಡು ವರ್ಷ.

*

ಡ್ರಾಯರಿನ ಪೇಪರಿನ ಅಡಿಯಿದ್ದ ಹಳದಿಗಟ್ಟಿದ ಲಕೋಟೆಯನ್ನು ತಂದು ಅವಳು ಸತುವಿನ ಮುಂದೆ ಹಿಡಿದಳು.

"ಅವಳ ಈಗಿನ ವಿಳಾಸ ಹೇಳಮ್ಮ."

ಸತು ಲಕೋಟೆಯ ಮೇಲಿನ ಅಕ್ಷರ ನೋಡಿದಳು. ಆ ಅಕ್ಷರ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕರಿಹಲಗೆಯ ಮೇಲೆ ವರ್ಷವಿಡೀ ಓದಿದ್ದರು.

"ಮೇಷ್ಟ್ರು ಹಾಕಿರಲಿಲ್ವಾ ಇದನ್ನ?"

"ಹಾಕು ಅಂತ ನನಗೆ ಕೊಟ್ಟಿದ್ರು. ನಾನು ಹಾಕಲಿಲ್ಲ. ತಂತಿ ಡಬ್ಬೀಲೇ ಇತ್ತು. ಅವರೇ ಅದಲುಬದಲು ಮಾಡಿದ್ದು. ಅದನ್ನೇ ಬರೆದಿದಾರೆ."

ನಾದಿನಿಯ ಕೈ ಬಾಯಿಗೆ ಹೋಯಿತು. "ಅಯ್ಯೋ ಅತ್ತಿಗೆ! ಅಣ್ಣ ದಿನಾ ಗೇಟಲ್ಲಿ..."

"ಹೌದು. ದಿನಾ. ನಾನೇ ನೋಡ್ತಿದ್ದೆ."

ಯಾರಾದರೂ ಬೈದಿದ್ದರೆ ಹಗುರವಾಗುತ್ತಿತ್ತೇನೋ. ಯಾರೂ ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಗಂಧಕ ಎದ್ದು ತನ್ನ ಜೇಬಿನ ಪೆನ್ನು ಕೊಟ್ಟ. ಸತು, "ಬರ್ಕೊಳ್ಳಿ" ಎಂದಳು.

ಮೇಷ್ಟ್ರ ಮೇಜಿನ ಮೇಲೆ ಒಂದು ಹೊಸ ಲಕೋಟೆ ಯಾವಾಗಲೂ ಇರುತ್ತಿತ್ತು. ಹುಡುಗಿಯ ಉತ್ತರ ಬಂದ ದಿನವೇ ಮರು ಉತ್ತರ ಬರೆಯಲು. ಅಂಚೆಯ ದರ ಏರಿದಾಗೆಲ್ಲ ಅದಕ್ಕೆ ಇನ್ನೊಂದು ಅಂಚೆಚೀಟಿ ಅಂಟಿಸುತ್ತಿದ್ದರು. ಈಗ ಸಾಲಾಗಿ ಐದು ಚೀಟಿಗಳಿದ್ದವು. ಹಳೆಯ ಕಾಗದವನ್ನು ಒಡೆಯದೆ ಅದರೊಳಗಿಟ್ಟಳು. ಜೊತೆಗೆ ಒಂದು ತುಂಡು ಕಾಗದದಲ್ಲಿ ಬರೆದಳು: *ಇದನ್ನು ಬರೆದವರು ಇವತ್ತು ಹೋದರು. ತಡೆದವಳು ನಾನು. ನಿನ್ನ ಲಂಗದ ಬಟ್ಟೆ ಇನ್ನೂ ಇದೆ.*

"ಕೊಡಿ ಅಮ್ಮ, ನಾನು ಹಾಕ್ತೀನಿ," ಎಂದ ಗಂಧಕ.

"ಒಂದು ಸಲ ಇನ್ನೊಬ್ಬರ ಕೈಗೆ ಕೊಟ್ಟೇ ಹೀಗಾಯ್ತಪ್ಪ," ಎಂದು ಚಪ್ಪಲಿ ಮೆಟ್ಟಿದಳು.

ಅಂಚೆಡಬ್ಬಿ ರಸ್ತೆಯ ತಿರುವಿನಲ್ಲಿತ್ತು. ಒಳಗೆ ಹಾಕಿದಳು, ತಳಕ್ಕೆ ತಾಗಿದ ಸದ್ದೂ ಕೇಳಿಸಿತು. ಆದರೂ ಮನೆಗೆ ತಿರುಗಲಿಲ್ಲ. ಡಬ್ಬಿಯ ಮೇಲೊಂದು ಕೈಯಿಟ್ಟು ನಿಂತಳು, ಬಿಸಿಲು ಇಳಿಯುವವರೆಗೆ. ನಾಲ್ಕೂವರೆಗೆ ಅಂಚೆಯವನು ಸೈಕಲ್ಲಿನಲ್ಲಿ ಬಂದ. ಕೆಲಸಕ್ಕೆ ಸೇರಿದ ದಿನದಿಂದ ಇದೇ ಬೀದಿ ಅವನದು, ಈಗ ಮೀಸೆ ನರೆತಿದೆ. ಅವಳನ್ನು ಕಂಡು ಕಾಲೂರಿ ನಿಂತ. ಬಾಯಿಗೆ ರೂಢಿಯಾದ ಮಾತೇ ಬಂತು.

"ಇವತ್ತೂ ಏನೂ ಇಲ್ಲಮ್ಮ."

"ಗೊತ್ತಪ್ಪ. ಇವತ್ತು ನಮ್ಮನೆಯಿಂದ ಇದೆ."

ಅವನು ಡಬ್ಬಿಯ ಬೀಗ ತೆಗೆದ. ಒಳಗೆ ಅದೊಂದೇ ಇತ್ತು. ಸಾಲಾಗಿ ಅಂಟಿಸಿದ್ದ ಐದು ಚೀಟಿಗಳನ್ನು ಬೆರಳಿನಿಂದ ಸವರಿ ನೋಡಿ, ಚೀಲಕ್ಕೆ ಹಾಕಿ, ಚೀಲದ ಬಾಯಿ ಬಿಗಿದು ಪೆಡಲು ತುಳಿದ. ಅವಳು ಎರಡೂ ಕೈಗಳನ್ನು ಖಾಲಿ ಡಬ್ಬಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು, ಸೈಕಲ್ಲು ತಿರುವು ದಾಟುವವರೆಗೂ ನೋಡುತ್ತ ನಿಂತಳು.